ಶಂಟರನ ಖುರ್ಚಿ

ಟಮಟಮ್‌ನ್ಯಾಗ ತಲೆಕೆಳಗ ಮಾಡಿ ತಂದಿದ್ದಳು,
ಬಾಗಿದ ಎರಡೂ ಕಾಲು ಮುಗಿಲಿಗೆ ಎತ್ತಿ
ಸತ್ತ ಟಗರಿನ ಕೋಡಿನಂಗ.
ಶಹಾಬಜಾರ ನಾಕಾದಾಗ ನನ್ನ ಅಂಗಡಿ ಮುಂದ ಇಳಿಸಿ
ಸೆರಗಿಲೆ ಬೆವರು ಒರಸಿ ಅಂದಳು ಎಸ್ತೇರಬಾಯಿ:
"ಈ ಕಾಲು ಕೊಯ್ದು ಬಿಡ್ರಿ. ನಾಕು ನೆಟ್ಟನ ಕಾಲು ಹಚ್ಚರಿ.
ಕೆಳಗಿನ ಮನಿಯವರಿಗೆ ರಾತ್ರಿ ನಿದ್ದಿ ಇಲ್ಲಂತ."

ಗರಗಸ ಗ್ವಾಡಿಗೇ ಇತ್ತು. ತೆಗೀಲಿಲ್ಲ.
ಮೊದಲು ಮೂಸಿದೆ. ಬಡಿಗ್ಯಾರು ಮೂಗಿಲೆ ಓದತಾರ.
ಬರ್ಮಾ ಸಾಗವಾನಿ. ಅದರ ಮ್ಯಾಲ ಅರಗಿನ ಪಾಲಿಶ್,
ಅದರ ಮ್ಯಾಲ ಎಂಜಿನ್ನಿನ ಮಸಿ, ಬೀಡಿ,
ಹರಳೆಣ್ಣಿ, ಕೂಸು ಕಾರಿದ ಹಾಲು.
ಬೆತ್ತದ ಕೆಳಗ ಒಂದು ಹಿತ್ತಾಳಿ ಪಟ್ಟಿ:
"... ಅಂಡ್ ಸನ್ಸ್, ಸಿಕಂದ್ರಾಬಾದ."
ಮುಂದಿನ ಹೆಸರು ತಿಕ್ಕಿ ತಿಕ್ಕಿ ಹೋಗ್ಯಾದ.
ಮಕ್ಕಳು ಉಳದಾರ, ಅಪ್ಪ ಅಳಿಸಿ ಹೋಗ್ಯಾನ.

ವಾಡಿ ಜಂಕ್ಷನ್ನಿನ ಗೋರಾ ಗಾರ್ಡ್ ಒಬ್ಬ
ಸಾಮಾನು ಕಟ್ಟಿ ತನ್ನ ದೇಶಕ್ಕ ಹೊಂಟಾಗ
ಲಿಲಾವಿನ್ಯಾಗ ಹನ್ನೊಂದು ರೂಪಾಯಿಗೆ ಹಿಡದನಂತ
ಅಕಿಯಪ್ಪ, ಶಂಟರ್ ಸಾಮ್ಯುವೇಲಪ್ಪ.
ದಿನವಿಡೀ ಯಾರ್ಡಿನ್ಯಾಗ ಡಬ್ಬಿ ಹಿಂದಕ್ಕ, ಡಬ್ಬಿ ಮುಂದಕ್ಕ;
ಒಂದು ದಿನಾನೂ ಮುಂಬೈ ಕಾಣಲಿಲ್ಲ, ಮದರಾಸು ಕಾಣಲಿಲ್ಲ.
ಮನಿಗೆ ಬಂದು ಬೂಟು ಕಳದು ಮತ್ತ ಅದೇ,
ಹಿಂದಕ್ಕ, ಮುಂದಕ್ಕ.
"ಇದಕ್ಕ ಪಗಾರ ಇಲ್ಲ, ಅಷ್ಟ" ಅಂತಿದ್ದನಂತ.

ಯಾವ ಊರಿನ ಬಡಿಗ್ಯಾ ಮೊದಲು ಮಾಡಿದನೋ ಇದನ್ನ.
ನಮ್ಮ ತೊಟ್ಟಲು ತೊಲಿಗೆ ಕಟ್ಟಿ ತೂಗತದ, ನೆಲ ಮುಟ್ಟಂಗಿಲ್ಲ.
ಅವರ ತೊಟ್ಟಲಿಗೆ ಕಾಲಂತ, ಬಾಗಿದ ಕಾಲು, ನೆಲದ ಮ್ಯಾಲೇ.
ಯಾವನೋ ಒಬ್ಬ, ಮುದುಕನೇ ಇರಬೇಕು,
ಕೂಸು ಎದ್ದು ಆಡಾಕ ಹ್ವಾದ ಮ್ಯಾಲ
ಆ ಕಾಲು ಕಿತ್ತು ತನ್ನ ಖುರ್ಚಿಗೆ ಹಚ್ಚಿಕೊಂಡಾನ,
ನಾಚಿಕಿ ಬಿಟ್ಟು.
ಅವಗ ನಾ ಮನಸ್ಸಿನ್ಯಾಗ ಕೈ ಮುಗದೆ.

ಎಡಗೈ ಇಡೂ ಕಟ್ಟಿಗಿ ಸವೆದು ಬಟ್ಟಲಾಗ್ಯಾದ,
ಬಲಗಡಿದು ಇನ್ನಾ ಚೂಪು.
"ಐದು ಮಂದಿ ಹಾಲು ಕುಡದೀವ್ರಿ ಇದರ ಮ್ಯಾಲ.
ಅವ್ವ ಎಡಗಡೀನೇ ಹಾಕ್ಕೊತಿದ್ದಳು" ಅಂದಳು, ಕಟ್ಟಿಗಿ ಮುಟ್ಟಲಿಲ್ಲ.

ಒಂದು ಕಾಲಿಗೆ ಯಾವನೋ ಹಲ್ಕಾ ಕೆಲಸ ಮಾಡಿದ್ದ,
ಗೂಟ ಬಿಟ್ಟು ಮೊಳೆ ಹೊಡದಿದ್ದ. ಅದೇ ಚೀರತಿತ್ತು.
ಮೊಳೆ ಕಿತ್ತೆ. ಜಾಲಿ ಗೂಟ ಕೆತ್ತಿ ಕೂಡಿಸಿದೆ.
ಹಳೇ ಸೈಕಲ್ ಟಾಯರ್ ಸೀಳಿ, ಪಂಚರ್ ಸಲೂಶನ್ ಬಳದು
ಎರಡೂ ಕಾಲಿನ ತಳಕ್ಕ ಅಂಟಿಸಿದೆ.
ಫರಸಿ ಮ್ಯಾಲ ಇಟ್ಟು ತೂಗಿ ನೋಡಿದೆ:
ಬೆಕ್ಕು ನಡದಂಗ.

ಎಂಟು ದಿನಕ್ಕ ಬಂದಳು, ಬರಿಗೈಲೆ.
"ಕೆಳಗಿನವರು ಜಿಲೇಬಿ ಕಳಿಸ್ಯಾರ. ಈಗ ನನಗ ನಿದ್ದಿ ಇಲ್ರಿ.
ಸಪ್ಪಳಿಲ್ಲದ ತೂಗಿದ್ರ ನಿಂತಂಗೇ ಆಗತದ.
ವಾಡ್ಯಾಗ ಗೂಡ್ಸ್ ಹಾದ್ರ ಮನಿ ನಡುಗಿ
ಖಾಲಿ ಖುರ್ಚಿ ತಾನಾಗೇ ತೂಗತಿತ್ತು, ಯಾರೂ ಹೆದರತಿರಲಿಲ್ಲ.
'ಡೌನ್ ಗಾಡಿ' ಅಂದು ಅವ್ವ ರೊಟ್ಟಿ ತಿರುವತಿದ್ದಳು."

ಸಂಜಿಗೆ ಉಳಿ ಹಿಡಕೊಂಡು ಸೇಡಂ ರೋಡಿಗೆ ಹ್ವಾದೆ, ಎರಡನೇ ಅಂತಸ್ತು.
ಒಂದೇ ಕಾಲಿನ ಟಾಯರ್ ಬಿಚ್ಚಿದೆ. ಎಡಗಾಲಿಂದು.
ಜ್ವಾಳದ ಕಾಳಿನಷ್ಟು ವಾಲಿತು ಖುರ್ಚಿ.
ಕುಂತಳು. ಕಣ್ಣು ಮುಚ್ಚಿದಳು.
ಟಕ್, ಬೆಕ್ಕು. ಟಕ್, ಬೆಕ್ಕು.
ಕೂಲಿ ಎಷ್ಟಂತ ಅಕಿ ಕೇಳಲಿಲ್ಲ, ನಾನೂ ಹೇಳಲಿಲ್ಲ;
ಕೆಳಗಿನ ಮನಿ ಚಿಲಕ ತೆರೆದ ಸಪ್ಪಳ ಕೇಳಿ
ಚಪ್ಪಲಿ ಕೈಯಾಗ ಹಿಡಕೊಂಡು
ಎರಡೆರಡು ಮೆಟ್ಟಲಾ ಜಿಗದು ಇಳದೆ.