ಒಳಬದಿ

ಮದುಮಗನ ಬಿಳಿ ಕುಪ್ಪ್ಯ ಹಿಂದಿನ ಸೀಟಿನಲ್ಲಿ
ಹ್ಯಾಂಗರಿಗೆ ನೇತು, ಬೆಲ್ಟ್ ಹಾಕಿಸಿಕೊಂಡು ಕೂತಿತ್ತು.
ಮುಹೂರ್ತಕ್ಕೆ ನಲವತ್ತು ನಿಮಿಷ.
ಬಾಳುಗೋಡಿನ ತಿರುವಿನಲ್ಲಿ ಜೀಪಿಗೆ ದಾರಿ ಬಿಡಲು ಹೋಗಿ
ಮೈಲಿಗಲ್ಲಿಗೆ ಮುಖ ಕೊಟ್ಟೆ.
ಸದ್ದು ದೊಡ್ಡದೇನಲ್ಲ,
ಒಣ ಹಪ್ಪಳ ಮುರಿದಷ್ಟು.
ಕುಪ್ಪ್ಯಕ್ಕೆ ಒಂದು ಸುಕ್ಕಿಲ್ಲ.
ಬಂಪರು ಮಾತ್ರ
ಫಾಗ್ ಲೈಟಿನಿಂದ ನಂಬರ್ ಪ್ಲೇಟಿನ ತನಕ ಸೀಳಿ
ಎಡಗಡೆಯ ಕೊಕ್ಕೆ ಮುರಿದು ತೂಗುತ್ತಿತ್ತು.
ಚೇಲೆಯಲ್ಲಿ ಉಳಿದ ಕೆಂಪು ರೇಷ್ಮೆಯ ಪಟ್ಟಿಯಲ್ಲಿ
ಅದನ್ನು ಬಿಗಿದು ಕಟ್ಟಿ ಮದುವೆಗೆ ಹೋದೆ.
ಊಟವನ್ನೂ ಬಿಡಲಿಲ್ಲ. ಪಂದಿ ಕರಿ ಎರಡು ಸಲ.

ಮನೆಯಲ್ಲಿ ಲಾರೆನ್ಸನ ತೀರ್ಪು ತಕ್ಷಣ:
ಎಂ-ಸೀಲ್ ಮೆತ್ತು, ಮೇಲೊಂದು ಸ್ಟಿಕ್ಕರ್ ಅಂಟಿಸು.
ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವನು,
ಹರಿದಲ್ಲಿ ಹೂವಿನ ಪ್ಯಾಚ್ ಕೇಳಿ ಬಂದವರನ್ನು
ನಾನು ಬಾಗಿಲಿಂದಲೇ ತಿರುಗಿಸುವುದನ್ನು ಕಂಡವನು.

ಕುಶಾಲನಗರದ ಶೋರೂಮಿನ ಹುಡುಗಿ
ಫೋನಿನಲ್ಲಿ ಬಹಳ ಮರ್ಯಾದೆಯವಳು.
ಹೊಸದು ಆರು ಸಾವಿರದ ಎಂಟುನೂರು,
ಬಣ್ಣ ಬೇರೆ, ಕೂಲಿ ಬೇರೆ,
ಮೈಸೂರಿಂದ ಬರಬೇಕು ಮೇಡಂ, ಹದಿನೈದು ದಿನ.
ಇನ್ಶೂರೆನ್ಸ್ ಮುಟ್ಟಿದರೆ ಬರುವ ವರ್ಷದ ರಿಯಾಯಿತಿ ಇಲ್ಲ.
ಎಷ್ಟು ರವಿಕೆ, ಎಷ್ಟು ಸೀರೆಗೆ ಫಾಲ್ಸ್,
ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೂಡಿಸಿ
ಅಲ್ಲೇ ಬಿಟ್ಟೆ.

ವಿರಾಜಪೇಟೆಯಲ್ಲೇ ಮಣಿಕಂಠನ ಟಿಂಕರಿಂಗ್:
"ಅರ್ಧ ದಿನ ಅಕ್ಕ. ಫೈಬರ್ ಹಾಕಿ ಪುಟ್ಟಿ ಎಳೆದರೆ ಕಲ್ಲು!"
ಮಾಡಿಟ್ಟ ಒಂದನ್ನು ತೋರಿಸಿದ. ಹೊರಗೆ ಕನ್ನಡಿ.
ನಾನು ಬೆರಳನ್ನು ಒಳಗೆ ತೂರಿಸಿದೆ. ಅಭ್ಯಾಸ.
ಯಾವ ಬಟ್ಟೆ ಕೊಟ್ಟರೂ ಮೊದಲು ಒಳಬದಿ ನೋಡುವವಳು.
ಅಂಟಿನ ಹಾಳೆ ಉಗುರಿಗೇ ಎದ್ದು ಬಂತು,
ಸುಟ್ಟ ಬೆನ್ನಿನ ಚರ್ಮದ ಹಾಗೆ.
"ಮಳೆಗಾಲ ತಡೆಯುತ್ತದಾ?"
ಮಣಿಕಂಠ ಆಕಾಶ ನೋಡಿದ,
ಉತ್ತರ ಅಲ್ಲಿಂದಲೇ ಬರಬೇಕೆಂಬಂತೆ.

ಗೋಣಿಕೊಪ್ಪದಲ್ಲಿ, ಸಾಮಿಲ್ಲಿನ ಹಿಂದೆ,
ಅಶ್ಕರ್ ಎಂಬ ಹುಡುಗ ಬೆಲೆಯನ್ನೇ ಹೇಳಲಿಲ್ಲ.
ಬಂಪರು ಬಿಚ್ಚಿ, ಮಗುಚಿ, ಬೆಂಚಿನ ಮೇಲಿಟ್ಟ.
ಕೆಸರು ಒರೆಸಿ, ಟಾರ್ಚ್ ಬಿಟ್ಟು
ಹೊಟ್ಟೆಯಲ್ಲಿ ಅಚ್ಚಾದ ಎರಡಕ್ಷರ ತೋರಿಸಿದ: ಪಿ, ಪಿ.
"ಇದರ ಜಾತಿ ಇದು. ಇದೇ ಜಾತಿಯ ಕಡ್ಡಿ ಕರಗಿಸಬೇಕು.
ಬೇರೆಯದ್ದು ಕೂಡಲ್ಲ ಅಕ್ಕ."
ಪ್ಲಾಸ್ಟಿಕ್ಕಿಗೂ ಬಂತಾ ಅದು, ಎಂದೆ.
ನಕ್ಕ. ಕೈ ಕೆಲಸ ಬಿಡಲಿಲ್ಲ.
"ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆಯುತ್ತೇನೆ,
ಇಲ್ಲದಿದ್ದರೆ ಅದು ಓಡುತ್ತದೆ."

ಓಡುತ್ತದೆ. ಗೊತ್ತು.
ಸೀಳಿನ ತುದಿಗೆ ನಾಲ್ಕು ಅಡ್ಡ ಹೊಲಿಗೆ ಬಿಗಿಯದೆ
ಯಾವ ಮದುಮಗನನ್ನೂ ನಾನು ಕಳಿಸಿದ್ದಿಲ್ಲ.

ಆದರೂ ಹೂಂ ಅನ್ನಲಿಲ್ಲ. ಹಳೆಯದೊಂದು ತೋರಿಸು ಎಂದೆ.
ಅವನದೇ ಪಿಕಪ್ಪು. ನೆಲಕ್ಕೆ ಕೂತು, ಸೆರಗು ಕಟ್ಟಿ,
ಕೆಳಗಿಂದ ನೋಡಿದೆ:
ಬೆಸುಗೆ ಇರುವೆ ಸಾಲಿನಂತೆ ಹೋಗಿತ್ತು,
ನಡುವೆ ತಂತಿಜಾಲ, ಕ್ಯಾನ್ವಾಸಿನ ಜಾಗದಲ್ಲಿ.
"ಮೂರು ಮಳೆಗಾಲ ಕಂಡಿದೆ" ಎಂದ.
ಆಮೇಲೆ, ಕೇಳದೆಯೇ:
"ಬಣ್ಣ ಮಾತ್ರ ಪೂರ್ತಿ ಹೊಂದಲ್ಲ.
ನಿಮ್ಮದು ಒಂಬತ್ತು ವರ್ಷ ಬಿಸಿಲು ಕುಡಿದ ಕೆಂಪು.
ನನ್ನ ಡಬ್ಬಿಯದ್ದು ನಿನ್ನೆಯದು."

ಮೂರು ಸಾವಿರದ ಇನ್ನೂರು.
ಮಂಜು ಬಿಟ್ಟರೆ ಮೂರು ದಿನ, ಹಿಡಿದರೆ ಐದು,
ಪ್ರೈಮರ್ ಒಣಗದೆ ಬಣ್ಣ ಹೊಡೆಯಲ್ಲ.
ಚೌಕಾಸಿಗೆ ಬಾಯಿ ತೆರೆದೆ;
ನನ್ನ ಅಂಗಡಿಯ ಮೆಟ್ಟಿಲಲ್ಲಿ ನಿಂತು
ಇಪ್ಪತ್ತು ರೂಪಾಯಿ ಇಳಿಸುವವರ ಮುಖಗಳು ನೆನಪಾಗಿ
ಮುಚ್ಚಿದೆ.

ರೇಷ್ಮೆಯ ಪಟ್ಟಿಯನ್ನು ಅವನು ಮಡಿಸಿ ಕೈಗಿತ್ತ.
ಹಲ್ಲಿನ ಸೆಟ್ಟು ತೆಗೆದಿಟ್ಟ ಮುದುಕಿಯಂಥ ಕಾರನ್ನು
ಬಿಟ್ಟಂಗಾಲದ ಮೇಲಿಂದ ಓಡಿಸಿಕೊಂಡು ಬಂದೆ.
ಶಾಲೆ ಬಿಟ್ಟ ಹೊತ್ತು. ಮಕ್ಕಳಿಗೆ ಹಬ್ಬ.

ಎಷ್ಟಂತೆ, ಎಂದ ಲಾರೆನ್ಸ್, ಪೇಪರು ಇಳಿಸದೆ.
ಎರಡು ಸಾವಿರ, ಎಂದೆ.