ಹದಿನೇಳನೆಯ ಪಂಖ

ಯಲಬುರ್ಗಾ ದಾಟಿದರೆ ಎರೆಹೊಲ,
ಎರೆಯ ನಡುವೆ ಎಂಬತ್ತು ಮೀಟರಿನ ಬಿಳಿ ಕಂಬ.
ಒಳಗೆ ಏಣಿ. ಬ್ರೇಕು ಹಾಕಿ ಹತ್ತಲು ಹಿಡಿದರೆ
ಇಪ್ಪತ್ತು ನಿಮಿಷ, ನಡುವೆ ಎರಡು ಸಲ ನಿಲ್ಲಬೇಕು.
ಬೆನ್ನಿಗೆ ಸ್ಪ್ಯಾನರು, ಬುತ್ತಿಯಲ್ಲಿ ಕಟಕ ರೊಟ್ಟಿ.

ಮುಚ್ಚಳ ಸರಿಸಿ ತಲೆ ಹೊರಗಿಟ್ಟರೆ ಗಾಳಿ
ಯಾರು ಏನು ಎಂದು ಕೇಳದೆ ಕಪಾಳಕ್ಕೆ ಬಿಗಿಯುತ್ತದೆ.

ಆಷಾಢದ ಪಡುಗಾಳಿ. ಇದರ ಊರು ನನಗೆ ಗೊತ್ತು.
ತರಬೇತಿಯಲ್ಲಿ ಗೋಡೆಗೆ ನಕಾಶೆ ತೂಗುಹಾಕಿದ್ದರು:
ಭೂಮಿಯ ನಡುಗೆರೆಯ ಆಚೆ, ತೆಂಕಣ ಕಡಲ ಮೇಲೆ
ಎಡಕ್ಕೆ ಹೊರಟ ಬಾಣ ಗೆರೆ ದಾಟಿದೊಡನೆ
ಕೊಟ್ಟಿಗೆ ನೆನಪಾದ ಎತ್ತಿನ ಹಾಗೆ ಬಲಕ್ಕೆ ಹೊರಳುತ್ತದೆ.
ದಾರಿಯುದ್ದಕ್ಕೂ ಬೆಚ್ಚನೆ ನೀರು ಕುಡಿದು ಭಾರವಾಗಿ
ಸಹ್ಯಾದ್ರಿಯ ಗೋಡೆ ಹತ್ತುವಾಗ ಏದುಸಿರು ಬಿಟ್ಟು
ತಂದದ್ದನ್ನೆಲ್ಲ ಆ ಮಗ್ಗುಲಿಗೇ ಸುರಿದು
ಈ ಮಗ್ಗುಲಿಗೆ ಬರಿಗೈಲಿ ಇಳಿಯುತ್ತದೆ.
ಇಳಿಯುತ್ತ ಕಾಯುತ್ತದೆ, ಒಣಗುತ್ತದೆ,
ನಮ್ಮ ಸೀಮೆ ಮುಟ್ಟುವ ಹೊತ್ತಿಗೆ
ಬುಟ್ಟಿ ಖಾಲಿಯಾದ ಸಂತೆಯವನ ನಡಿಗೆ:
ಹಗುರ, ಜೋರು, ಯಾರ ಕಡೆಗೂ ನೋಡದ್ದು.

ಅದೇ ನನ್ನ ಸಂಬಳ. ಈ ತಿಂಗಳು
ಮೀಟರಿನಲ್ಲಿ ಅಂಕಿ ಓಡುತ್ತದೆ, ಸಾಹೇಬರು ನಗುತ್ತಾರೆ.
ಕೆಳಗೆ ಫಕೀರವ್ವನ ಹೆಸರು ಬೆಳೆ
ಗೇಣುದ್ದಕ್ಕೆ ನಿಂತು ಎಲೆ ಮುದುಡಿಕೊಂಡಿದೆ.

"ಏ ಯಮನೂರಾ, ಇಳಿ ಕೆಳಗ.
ಮೋಡ ಬರ್ತಾವು, ನಿನ್ನ ಪಂಖ ಬೀಸಿ ಓಡಸ್ತೈತಿ.
ಮುಂಜಾನಿಂದ ಏಳು ಎಣಿಸೀನಿ. ಎಲ್ಲಾ ಮೂಡಕ್ಕ ಹೋದ್ವು."
"ಪಂಖ ಗಾಳಿ ಬೀಸಂಗಿಲ್ಲ ಆಯಿ, ಗಾಳೀನ ಪಂಖ ತಿರುವತೈತಿ."
"ಹಂಗಾರ ನಮ್ಮನ್ಯಾಗಿಂದು?"
"ಅದಕ್ಕ ಕರೆಂಟ್ ಹೋಗತೈತಿ, ಇದರಿಂದ ಕರೆಂಟ್ ಬರತೈತಿ."
"ನಿನ್ನಿ ರಾತ್ರಿಯಿಂದ ನಮ್ಮನ್ಯಾಗ
ಹೋಗೂದೂ ಇಲ್ಲ, ಬರೂದೂ ಇಲ್ಲ."

ಬದುವಿನ ಮೇಲೆ ಕೂತೆ. ಎರೆಮಣ್ಣು ಗುಡ್ಡೆ ಮಾಡಿ
ಇದು ಸಹ್ಯಾದ್ರಿ ಎಂದೆ. ಆಕೆಯ ಚೊಂಬು ಕಡಲಾಯಿತು.
ಎಲ್ಲ ಕೇಳಿದಳು, ಎಲೆಗೆ ಸುಣ್ಣ ಸವರುತ್ತ.
"ಮತ್ತ ಹ್ವಾದ ವರ್ಷ? ಆಗೂ ಇದ ಗುಡ್ಡ ಇತ್ತಲ್ಲ."
ಹೋದ ವರ್ಷ, ಅಂದೆ, ಭೂಮಿಯ ಇನ್ನೊಂದು ಬೆನ್ನಿಗೆ
ಎಲ್ಲಕ್ಕಿಂತ ದೊಡ್ಡ ಕಡಲಿನಲ್ಲಿ ಗಾಳಿ ಸೋತಿತ್ತು,
ಅದು ಈಚೆ ದಂಡೆಗೆ ಒತ್ತಿ ಹಿಡಿದಿದ್ದ ಬಿಸಿನೀರು
ಆಚೆಗೆ ತುಳುಕಿತು. ನೀರ ಮೈ ಎರಡು ಡಿಗ್ರಿ ಏರಿತು.
"ಎರಡು ಡಿಗ್ರಿ ಅಂದ್ರ?"
"ಚಾದ ಬಟ್ಟಲು ಹಿಡದ್ರ ಗೊತ್ತಾಗಂಗಿಲ್ಲ, ಅಷ್ಟು."
"ಅಷ್ಟಕ್ಕ ನನ್ನ ಹೆಸರು ಒಣಗಿತು?"

ಇದಕ್ಕೆ ತರಬೇತಿಯಲ್ಲಿ ಉತ್ತರ ಕೊಟ್ಟಿರಲಿಲ್ಲ.

ಉತ್ತರಿ ಕಳೆದು ಹಸ್ತದ ಮೂರನೆಯ ದಿನ
ಮೇಲೆ ಗ್ರೀಸು ಹಚ್ಚುತ್ತಿದ್ದೆ. ಗಾಳಿ ಬಿದ್ದುಹೋಯಿತು.
ಮೊದಲ ಸಲ ಕಂಬದ ತುದಿಗೆ ನಾಯಿ ಬೊಗಳಿದ್ದು ಕೇಳಿತು.
ಬಂಗಾಳದ ಕಡಲಲ್ಲಿ ಎಲ್ಲೋ ಹವೆ ಗುಳಿಬಿದ್ದಿರಬೇಕು.
ನೆತ್ತಿಯ ದಿಕ್ಸೂಚಿ ಸ್ವಲ್ಪ ಹೊತ್ತು ತಡವರಿಸಿ ತಿರುಗಿತು,
ಕಾಲಡಿಯ ಮೋಟಾರು ಗುಂಯ್ ಎಂದಿತು,
ನಾನು ಕೂತ ಅಷ್ಟೂ ಕಬ್ಬಿಣ
ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಎಮ್ಮೆಯಂತೆ ಹೊರಳಿತು.
ನೋಡಿದೆ: ಹದಿನಾರು, ಹದಿನೆಂಟು, ಆ ದಿಬ್ಬದ ಒಂಬತ್ತು,
ಇಪ್ಪತ್ತಮೂರೂ ಒಂದೊಂದಾಗಿ
ಪಡುವಣಕ್ಕೆ ಬೆನ್ನು ಕೊಟ್ಟು ಮೂಡಕ್ಕೆ ಮುಖ ಮಾಡಿದವು.

ಅಂಕಿ ಇಳಿಯಿತು. ಸಾಹೇಬರ ಫೋನು ಬಂತು. ಎತ್ತಲಿಲ್ಲ.

ನಾಲ್ಕಕ್ಕೆ ಮಾನ್ವಿಯ ಕಡೆಯಿಂದ ಕರಿ ಎದ್ದಿತು.
ಏಣಿ ಇಳಿಯುವಾಗ ಕಂಬ ಒಳಗಿನಿಂದ
ಹಲಗೆಯ ಹಾಗೆ ಬಾರಿಸುತ್ತಿತ್ತು.

ಹೆಸರಿಗೆ ದಕ್ಕಲಿಲ್ಲ ಈ ಮಳೆ. ಕಡಲೆಗೆ ಹದವಾಯಿತು.
ಗೊಬ್ಬರದ ಚೀಲ ಗುಂಗಡಿ ಮಾಡಿ ಹೊದ್ದ ಫಕೀರವ್ವ
ಬಾಗಿಲ ಕಟ್ಟೆಯ ಮೇಲೆ ನಿಂತಿದ್ದಳು, ಕಾಲು ಎರೆ ಮೆತ್ತಿ
ಎರಡಾಳು ದಪ್ಪ. "ನೋಡಿದ್ಯಾ? ಹೇಳಿರಲಿಲ್ಲ?
ಇತ್ತಾಗ ತಿರುವೀದಿ, ಬಂತು."

ಮಣ್ಣ ಗುಡ್ಡೆ, ಚೊಂಬು, ಬಾಣ ಎಲ್ಲ ಬಾಯಿಗೆ ಬಂದವು.
ಬೀಗದ ಕೈ ಒದ್ದೆಯಾಗಿ ಜಾರುತ್ತಿತ್ತು.

"ಬರೂ ವರ್ಷ ಮಿರಗಕ್ಕ ತಿರುವಿಬಿಡು," ಅಂದಳು,
"ಹಸ್ತದ ತನಕ ಯಾಕ ಕಾಯ್ತಿ?"