ಒಂದು ರಾತ್ರಿಗೆ ಹದಿನೈದು ನಿಮಿಷ

ದಾಬೋಳಿಯಿಂದ ಮಸ್ಕತ್ತಿಗೆ ಎಷ್ಟು ದೂರ ಬಾಯೆ,
ಕೇಳಿದರು ಗಣಬಾ ತಾಂಡೇಲರು, ಕುರ್ಚಿಯಿದ್ದರೂ ನಿಂತೇ.
ಪರದೆ ನೋಡಿ ಹೇಳಿದೆ:
ಸಾವಿರದೆಂಟುನೂರು ಚಿಲ್ಲರೆ ಕಿಲೋಮೀಟರ್,
ಎರಡು ಮುಕ್ಕಾಲು ತಾಸು.
ಕಾರವಾರದಿಂದ ಶಿರಸಿಗೆ ಬಸ್ಸು ಇದಕ್ಕಿಂತ ಹೆಚ್ಚು ತಿನ್ನುತ್ತದೆ,
ಅದೂ ಘಟ್ಟದಲ್ಲಿ ಲಾರಿ ಮಗುಚಿ ಬೀಳದಿದ್ದರೆ.

ಅವರು ನಗಲಿಲ್ಲ.
ಕಿಲೋಮೀಟರ್ ಬೇಡ, ಮೈಲಿ ಹೇಳು. ಸಮುದ್ರದ್ದು.
ಹುಡುಕಿದೆ. ಸಾವಿರ, ಒಂದಿಷ್ಟು ಹೆಚ್ಚು ಕಮ್ಮಿ.
ಹೌದು, ಆಗಲೂ ಅಷ್ಟೇ ಇತ್ತು, ಎಂದು ಈಗ ಕೂತರು,
ದೂರ ಇಷ್ಟು ವರ್ಷ ಕದಲದೆ ಇದ್ದಲ್ಲೇ ಇದ್ದದ್ದಕ್ಕೆ
ಜೀವ ತಂಪಾದವರಂತೆ.

ಹದಿನೈದರ ಹುಡುಗ. ಕೋಡಿಬಾಗದ ದಂಡೆ.
ಹೆಂಚು ಹೇರಿದ ಮಚವೆ, ಎಂಜಿನ್ನಿಲ್ಲ, ಬರೀ ಹಾಯಿ.
ಹನ್ನೊಂದು ರಾತ್ರಿ.
ಹಗಲನ್ನು ಯಾರೂ ಎಣಿಸುತ್ತಿರಲಿಲ್ಲವಂತೆ.
ಹಗಲಿಗೆ ಚುಕ್ಕಿ ಎಲ್ಲಿ?

ಟಿಕೀಟು ಅಚ್ಚಾಗಿ ಬಂತು. ಕಣ್ಣಿಗೆ ಹಿಡಿದು ಓದಿದರು.
ಹತ್ತಕ್ಕೆ ಹೊರಟು ಹನ್ನೊಂದೂಕಾಲಿಗೆ ಮುಟ್ಟುತ್ತದೆಯೆ?
ಎರಡು ಮುಕ್ಕಾಲು ಅಂದೆಯಲ್ಲ,
ಉಳಿದ ಒಂದೂವರೆ ತಾಸು ಎಲ್ಲಿ ಬಿತ್ತು?
ಬಿದ್ದಿಲ್ಲ ಅಜ್ಜಾ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹಿಂದೆ.
ಹೋಗುವಾಗ ಕೈಗಡ ಕೊಡುತ್ತಾರೆ, ಬರುವಾಗ ತೀರಿಸಬೇಕು.
ಬಡ್ಡಿ?
ಇಲ್ಲ.
ಆಗ ನಕ್ಕರು, ಸ್ವಲ್ಪ.

ಆಮೇಲೆ ಕಿಟಕಿ ಕೇಳಿದರು.
ಎಲ್ಲರೂ ಕೇಳುತ್ತಾರೆ, ಮೋಡ ನೋಡಲು, ಫೋಟೋ ತೆಗೆಯಲು.
ಆರನೇ ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೆ ಹೇಳು, ಅಂದರು.
ನನಗೆ ತಿಳಿಯಲಿಲ್ಲ.

ಅಣ್ಣ ಖೇಮು. ಮೂಡಲು ಬೆಳ್ಳಗಾಗುವ ಹೊತ್ತು.
ಹಾಯಿಯ ಹಗ್ಗ ಕೊಸರಿತು. ಒಂದು ಸದ್ದು,
ತೆಂಗಿನಕಾಯಿ ಬಿದ್ದಷ್ಟು.
ಬಿಸಿಲೇರುವ ತನಕ ಸುತ್ತಿದೆವು.
ನೀರಿಗೆ ಗುರುತು ಹಾಕಿ ಬರುವ ಹಾಗಿಲ್ಲವಲ್ಲ.
ಊರಲ್ಲಿ ಅವನ ಮಗು ಆಗಷ್ಟೇ ಅಂಬೆಗಾಲಿಡುತ್ತಿತ್ತು.
ಆ ಮಗುವಿನ ಮಗಳು ಸುಜಲಾ
ಈಗ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು.
ಈ ದುಡ್ಡು ಅವಳದೇ.

ವಿಮಾನ ನಿಮ್ಮ ಮಚವೆಯ ದಾರಿ ಹಿಡಿಯುವುದಿಲ್ಲ,
ಹೇಳಹೊರಟವಳು ನುಂಗಿಕೊಂಡೆ.
ಹಳೆಯ ರಸೀತಿಯ ಬೆನ್ನಮೇಲೆ ಭಾಗಾಕಾರ ಹಾಕಿದೆ.
ನೂರಾ ಅರವತ್ತೈದು ನಿಮಿಷ, ಹನ್ನೊಂದು ರಾತ್ರಿ.
ಶೇಷ ಉಳಿಯಲಿಲ್ಲ.

ಒಂದು ರಾತ್ರಿಗೆ ಹದಿನೈದು ನಿಮಿಷ ಅಜ್ಜಾ.
ಆರನೆಯದು ಮುಗಿದು ಬೆಳಕು ಹರಿಯುವಾಗ ಹನ್ನೊಂದೂವರೆ,
ನಿಮ್ಮ ಕೈಗಡಿಯಾರದಲ್ಲಿ.
ಅಲ್ಲಿಯ ತನಕ ಅದರ ಮುಳ್ಳು ತಿರುಗಿಸಬೇಡಿ.
ಊಟ ತಂದಿಟ್ಟರೂ ಹೊರಗೆ ನೋಡಿ.

ತೆಂಗಿನಕಾಯಿ ಒಯ್ಯಬಹುದೆ?
ಕೈಚೀಲದಲ್ಲಿ ಬಿಡುವುದಿಲ್ಲ.
ಕಿಟಕಿ ತೆರೆಯುತ್ತದೆಯೆ?
ಇಲ್ಲ.
ಅವರು ಟಿಕೀಟನ್ನು ನಾಲ್ಕು ಮಡಿಕೆ ಮಾಡಿದರು,
ಇನ್ನೊಂದು ಮಾಡಲು ಹೋಗಿ ಬಿಟ್ಟರು.
ಇರಲಿ. ಗಾಜಿನ ಈಚೆಯಿಂದಲೇ.

ಸದಾಶಿವಗಡದ ಬಸ್ಸು ಬಂತು, ಹತ್ತಿದರು.
ರಸೀತಿ ಹರಿಯುವ ಮುಂಚೆ ಸುಮ್ಮನೆ ಇನ್ನೊಂದು ಲೆಕ್ಕ ಮಾಡಿದೆ:
ಇಲ್ಲಿ ಹನ್ನೊಂದೂವರೆ ಆದಾಗ ಮಸ್ಕತ್ತಿನ ಗೋಡೆಗಳ ಮೇಲೆ ಎಷ್ಟು?
ಒಂದೂವರೆ ಕಳೆದೆ.
ಹತ್ತು.
ಹೊರಟ ಹೊತ್ತು.
ಮಚವೆಯಲ್ಲಿ ಇನ್ನೂ ಎಲ್ಲರೂ ಇದ್ದ ಹೊತ್ತು.

ಕೂಗಿ ಹೇಳಬೇಕೆಂದು ಬಾಗಿಲಿಗೆ ಬಂದೆ.
ಬಸ್ಸು ಆಗಲೇ ಕಾಳಿಯ ಸೇತುವೆ ಏರಿತ್ತು.